ಎನ್‌ಸಿಸಿಯೋ ಎನ್‌ಎಸ್‌ಎಸ್ಸೋ? ಮೊದಲ ವರ್ಷದಲ್ಲೇ ಗಟ್ಟಿ ಮಾಡ್ಕೋರಿ

ಪದವಿ ಕಾಲೇಜಿಗೆ ಪ್ರವೇಶ ಆದ ಮೊದಲ ವಾರಗಳಲ್ಲೇ ನೋಟಿಸ್ ಬೋರ್ಡಿನ ಮೇಲೆ ಎರಡು ಹಾಳೆ ಅಂಟಿಸಿರುತ್ತಾರೆ. ಒಂದು ಎನ್‌ಸಿಸಿ (ರಾಷ್ಟ್ರೀಯ ಕೆಡೆಟ್ ದಳ) ಭರ್ತಿಯದು, ಇನ್ನೊಂದು ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದ್ದು. ಹಾಸ್ಟೆಲ್ ಸಿಕ್ಕಿಲ್ಲ, ಬಸ್ ಪಾಸ್ ಆಗಿಲ್ಲ, ಸ್ಕಾಲರ್‌ಶಿಪ್ ಅರ್ಜಿ ಬಾಕಿ. ಈ ಗಡಿಬಿಡಿಯಲ್ಲಿ ‘ಮುಂದಿನ ವರ್ಷ ನೋಡೂಣು’ ಅಂತ ಬಿಟ್ಟವರೇ ಜಾಸ್ತಿ. ಎನ್‌ಸಿಸಿಯ ಮಟ್ಟಿಗೆ ಮುಂದಿನ ವರ್ಷ ಅಂದರೆ ತಡವಾಯಿತು ಎಂದೇ ಅರ್ಥ. ಅದರ ಲೆಕ್ಕ ಕೆಳಗೆ ಬರುತ್ತದೆ.

ಅಮೆರಿಕದ ಸಿನಿಮಾ ನೋಡಿದ ಹುಡುಗರು ‘ನಮ್ಮಲ್ಲಿ ಫ್ರಾಟರ್ನಿಟಿ, ಸೊರೊರಿಟಿ ಯಾಕಿಲ್ಲ?’ ಎಂದು ಕೇಳುವುದುಂಟು. ಅಲ್ಲಿ ಗ್ರೀಕ್ ಅಕ್ಷರಗಳ ಹೆಸರಿನ ಇಂಥ ವಿದ್ಯಾರ್ಥಿ ಸಂಘ ಮೊದಲು ಹುಟ್ಟಿದ್ದು 1776ರಲ್ಲಿ, ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ. ಅದರ ಹೆಸರು ಫೈ ಬೀಟಾ ಕಪ್ಪಾ. ಈಗ ಅದು ಜಾಣ ವಿದ್ಯಾರ್ಥಿಗಳ ಗೌರವ ಸಂಘ. ಆದರೆ ಅದರ ಹಿಂದೆ ಬಂದ ನೂರಾರು ಸಂಘಗಳಲ್ಲಿ ಹಲವಕ್ಕೆ ತಮ್ಮದೇ ಮನೆಗಳಿವೆ, ಸದಸ್ಯರಿಂದ ಚಂದಾ ವಸೂಲಿ ಇದೆ, ಹೊಸಬರಿಗೆ ಪರೀಕ್ಷಾ ಅವಧಿ ಇದೆ. ಆ ಅವಧಿಯಲ್ಲೇ ಕುಡಿಸುವುದು, ಹೊಡೆಯುವುದು, ಅವಮಾನ ಮಾಡುವುದು ನಡೆದು ಸಾವುಗಳಾಗಿವೆ. ನಮ್ಮಲ್ಲಿ ಅದನ್ನೇ ರ‍್ಯಾಗಿಂಗ್ ಅಂತೀವಿ. ಯಾವ ಗುಂಪು, ಯಾವ ಸೀನಿಯರ್, ಯಾವ ‘ಸಂಪ್ರದಾಯ’ದ ಹೆಸರಲ್ಲಿ ಮಾಡಿದರೂ ಅದು ಅಪರಾಧ. ಯುಜಿಸಿಯ ಸಹಾಯವಾಣಿ 1800-180-5522, ಹಗಲು ರಾತ್ರಿ ಇರುತ್ತದೆ.

ನಮ್ಮ ಕಡೆ ಫ್ರಾಟರ್ನಿಟಿ ಮನೆಗೆ ಹತ್ತಿರದ್ದು ಹುಡುಕಿದರೆ ಮಠಗಳ ಪ್ರಸಾದ ನಿಲಯ, ಸಮುದಾಯಗಳ ಹಾಸ್ಟೆಲ್ ಸಿಗುತ್ತವೆ. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರದು, ವಿಜಯಪುರದ ಬಿಎಲ್‌ಡಿಇ 1910ರದು, ಬೆಳಗಾವಿಯ ಕೆಎಲ್‌ಇ 1916ರದು. ಈ ಸಂಸ್ಥೆಗಳು ಬೆಳೆದ ಕಾಲದಲ್ಲಿ ಹಳ್ಳಿಯ ಹುಡುಗ ಪೇಟೆಯಲ್ಲಿ ಓದಿದ್ದೇ ಇಂಥ ಊಟ, ವಸತಿಯ ಬಲದಿಂದ. ಅಲ್ಲಿ ಒಂದೇ ತಾಟಿನಲ್ಲಿ ಉಂಡವರ ನಂಟು ನಲವತ್ತು ವರ್ಷವಾದರೂ ಕಡಿಯುವುದಿಲ್ಲ. ಆದರೆ ಹಾಸ್ಟೆಲ್ಲಿನಲ್ಲಿ ಸಿಗುವವರು ಬಹುಮಟ್ಟಿಗೆ ನಮ್ಮ ಊರ ಕಡೆಯವರು, ನಮ್ಮವರೇ. ಖಾನಾಪುರದ ಮರಾಠಿ ಹುಡುಗ, ಅಥಣಿಯ ಕಬ್ಬು ಬೆಳೆಗಾರರ ಮಗಳು, ಬೆಳಗಾವಿ ದಂಡುಪ್ರದೇಶದ ಹವಾಲ್ದಾರರ ಮಗ ಒಂದೇ ಸಾಲಿನಲ್ಲಿ ನಿಂತು ಒಂದೇ ಬೈಗುಳ ತಿನ್ನುವುದು ಎನ್‌ಸಿಸಿ ಮೈದಾನದಲ್ಲಿ. ಸೇರಲು ನಮಗೆ ಕಾಣುವ ಮೊದಲ ಕಾರಣ ಅದೇ. ಪ್ರಮಾಣಪತ್ರ ಆಮೇಲಿನದು.

ಹಾಗಂತ ಪ್ರಮಾಣಪತ್ರವನ್ನು ಅಲಕ್ಷ್ಯ ಮಾಡಲಿಕ್ಕಾಗದು. ಎನ್‌ಸಿಸಿ 1948ರ ಕಾಯ್ದೆಯಿಂದ ಬಂದದ್ದು, ರಕ್ಷಣಾ ಸಚಿವಾಲಯದ ಕೆಳಗಿದೆ. ಕಾಲೇಜು ಹುಡುಗರದು ಸೀನಿಯರ್ ಡಿವಿಜನ್, ಹುಡುಗಿಯರದು ಸೀನಿಯರ್ ವಿಂಗ್. ಎರಡನೆಯ ವರ್ಷದ ಕೊನೆಗೆ ‘ಬಿ’ ಪರೀಕ್ಷೆ, ಮೂರನೆಯ ವರ್ಷಕ್ಕೆ ‘ಸಿ’. ಪ್ರತಿ ವರ್ಷ ಪೆರೇಡ್ ಹಾಜರಿ ಶೇ. 75 ಇರಲೇಬೇಕು. ‘ಬಿ’ಗೆ ಕನಿಷ್ಠ ಒಂದು ಕ್ಯಾಂಪ್, ‘ಸಿ’ಗೆ ಎರಡು. ಈಗ ಲೆಕ್ಕ ಹಾಕಿ: ಬಿಎ ಎರಡನೆಯ ವರ್ಷದಲ್ಲಿ ಸೇರಿದವರಿಗೆ ಮೂರನೆಯ ವರ್ಷದ ಕೊನೆಗೆ ‘ಬಿ’ ಮಾತ್ರ ಆಗುತ್ತದೆ. ‘ಸಿ’ ಬೇಕೆಂದರೆ ಮತ್ತೊಂದು ವರ್ಷ ಎಲ್ಲಾದರೂ ಓದುತ್ತಿರಬೇಕು. ಪಿಯುಸಿಯಲ್ಲೇ ‘ಬಿ’ ಮುಗಿಸಿದವರು ಆ ಪ್ರಮಾಣಪತ್ರವನ್ನೂ ಹಳೆಯ ಬಟಾಲಿಯನ್ನಿನ ಕಾಗದಗಳನ್ನೂ ಭರ್ತಿಯ ದಿನವೇ ತೋರಿಸಬೇಕು. ತಡವಾಗಿ ಹೇಳಿದರೆ ಹೊಸ ಕ್ಯಾಡೆಟ್ ಎಂದು ಬರೆದುಕೊಂಡಿರುತ್ತಾರೆ, ತಿದ್ದಿಸುವುದರಲ್ಲಿ ಒಂದು ಸೆಮಿಸ್ಟರ್ ಹೋಗುತ್ತದೆ.

ಅಷ್ಟೆಲ್ಲ ‘ಸಿ’ ಯಾಕೆ? ಭೂಸೇನೆಯಲ್ಲಿ ಎನ್‌ಸಿಸಿ ಸ್ಪೆಷಲ್ ಎಂಟ್ರಿ ಎಂಬ ದಾರಿ ಇದೆ. ಪದವಿಯಲ್ಲಿ ಶೇ. 50 ಅಂಕ, ‘ಸಿ’ಯಲ್ಲಿ ಕನಿಷ್ಠ ‘ಬಿ’ ಗ್ರೇಡ್, ವಯಸ್ಸು 19ರಿಂದ 25, ಮದುವೆ ಆಗಿರಬಾರದು. ಇಷ್ಟಿದ್ದರೆ ಅಧಿಕಾರಿ ಹುದ್ದೆಗೆ ಲಿಖಿತ ಪರೀಕ್ಷೆ ಇಲ್ಲದೆ ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳ ಆಯ್ಕೆ ಮಂಡಳಿ) ಸಂದರ್ಶನಕ್ಕೆ ಅರ್ಜಿ ಹಾಕಬಹುದು. ಹುಡುಗಿಯರಿಗೂ ಇದೆ. ಸಂದರ್ಶನ 5 ದಿನದ್ದು, ಆಯ್ಕೆಯಾದರೆ ತರಬೇತಿ ಚೆನ್ನೈನಲ್ಲಿ. ಆರನೆಯ ತರಗತಿಯಲ್ಲಿ ವಿಜಯಪುರದ ಸೈನಿಕ ಶಾಲೆ ಅಥವಾ ಕಿತ್ತೂರಿನ ಹುಡುಗಿಯರ ಸೈನಿಕ ಶಾಲೆ ತಪ್ಪಿಸಿಕೊಂಡವರಿಗೆ ಇದು ಎರಡನೆಯ ಬಾಗಿಲು. ಒಂದು ಎಚ್ಚರಿಕೆ: ಅರ್ಜಿ ಹಾಕಿದವರೆಲ್ಲರನ್ನೂ ಕರೆಯುವುದಿಲ್ಲ, ಪದವಿಯ ಅಂಕ ನೋಡಿ ಸೋಸುತ್ತಾರೆ. ಡ್ರಿಲ್ಲಿನಲ್ಲಿ ಮುಂದಿದ್ದು ಸೆಮಿಸ್ಟರಿನಲ್ಲಿ ಹಿಂದುಳಿದವರಿಗೆ ಇಲ್ಲಿಯೇ ಪೆಟ್ಟು ಬೀಳುವುದು. ಅಗ್ನಿವೀರ ಭರ್ತಿಯಲ್ಲೂ ಎನ್‌ಸಿಸಿ ಪ್ರಮಾಣಪತ್ರಕ್ಕೆ ಹೆಚ್ಚುವರಿ ಅಂಕವಿದೆ.

ಭರ್ತಿಯ ದಿನ ಎತ್ತರ ನೋಡುತ್ತಾರೆ, ಓಡಿಸುತ್ತಾರೆ, ನಾಲ್ಕು ಪ್ರಶ್ನೆ ಕೇಳುತ್ತಾರೆ. ಹೆಚ್ಚಿನವರು ಸೋಲುವುದು ಓಟದಲ್ಲಿ ಅಲ್ಲ, ಕಾಗದದಲ್ಲಿ. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ತುಂಡು ಇರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ಇನಿಶಿಯಲ್. ಮೂರು ವರ್ಷದ ನಂತರ ಪ್ರಮಾಣಪತ್ರದ ಮೇಲೆ ಬರುವುದು ಭರ್ತಿಯ ದಿನ ತುಂಬಿದ ಹೆಸರು. ಸಂದರ್ಶನದಲ್ಲಿ ಅದು ಅಂಕಪಟ್ಟಿಗೆ ತಾಳೆಯಾಗದಿದ್ದರೆ ಪೇಚು. ಆದ್ದರಿಂದ ಮೊದಲು ಆಧಾರನ್ನು ಎಸ್‌ಎಸ್‌ಎಲ್‌ಸಿ ಕಾರ್ಡಿನ ಪ್ರಕಾರ ತಿದ್ದಿಸಿ, ಆಮೇಲೆ ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ ತೆರೆಯಿರಿ. ಭತ್ಯೆಯ ಹಣ ನೇರ ಖಾತೆಗೆ ಬರುತ್ತದೆ, ಅಪ್ಪನ ಖಾತೆ ನಡೆಯದು. ಜೊತೆಗೆ ವೈದ್ಯರ ಫಿಟ್‌ನೆಸ್ ಪತ್ರ, ರಕ್ತದ ಗುಂಪು, ತಂದೆ ತಾಯಿಯ ಒಪ್ಪಿಗೆ ಸಹಿ ಬೇಕು.

ಇನ್ನು ಮೈದಾನದ ಸಂಗತಿ. ಹುಕುಂ ಎಲ್ಲ ಹಿಂದಿಯಲ್ಲಿ: ಸಾವಧಾನ್, ವಿಶ್ರಾಮ್, ದಾಹಿನೆ ಮುಡ್, ತೇಜ್ ಚಲ್. ಸಾವಧಾನದಲ್ಲಿ ಹಿಮ್ಮಡಿ ಕೂಡಿರಬೇಕು, ಪಾದಗಳ ನಡುವೆ 30 ಡಿಗ್ರಿ ಕೋನ. ವಿಶ್ರಾಮಕ್ಕೆ 12 ಇಂಚು ಅಂತರ. ವಾರದಲ್ಲಿ ಕಲಿಯಬಹುದು, ಅದರಲ್ಲಿ ಕಷ್ಟವೇನಿಲ್ಲ. ಕಷ್ಟ ಇರುವುದು ಬೂಟಿನಲ್ಲಿ. ಹೊಸ ಚರ್ಮದ ಬೂಟು, ತೆಳು ಸಾಕ್ಸ್, ಬೆವರು ಮೂರೂ ಕೂಡಿದರೆ ಹಿಮ್ಮಡಿ ಉಜ್ಜಿ ಬೊಕ್ಕೆ ಏಳುತ್ತದೆ. ಬೂಟು ಕೈಗೆ ಬಂದ ದಿನದಿಂದಲೇ ದಿನಕ್ಕೆ ಅರ್ಧ ತಾಸು ಹಾಸ್ಟೆಲ್ಲಿನಲ್ಲೇ ಹಾಕಿಕೊಂಡು ಓಡಾಡಿ, ದಪ್ಪ ಉಣ್ಣೆಯ ಸಾಕ್ಸ್ ಹಾಕಿ. ಅಳತೆ ತೆಗೆದುಕೊಳ್ಳುವಾಗಲೂ ಆ ಸಾಕ್ಸ್ ಮೇಲೆಯೇ ಹಾಕಿ ನೋಡಬೇಕು. ಟೊಪ್ಪಿಗೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡದೆ ಒತ್ತಿ, ತಲೆಯ ಮೇಲೇ ಬಲಕ್ಕೆ ಇಳಿಸಿ ಆಕಾರ ಕೊಟ್ಟು ಒಣಗಿಸಿದರೆ ಚೆಂದ ಕೂಡುತ್ತದೆ. ಇಲ್ಲದಿದ್ದರೆ ಹಂಚಿನ ಮೇಲೆ ಉಬ್ಬಿದ ರೊಟ್ಟಿಯ ಹಾಗೆ ಕಾಣುತ್ತದೆ.

ಪೆರೇಡಿನಲ್ಲಿ ತಲೆ ತಿರುಗಿ ಬೀಳುವವರನ್ನು ‘ಗಟ್ಟಿ ಇಲ್ಲ’ ಎಂದು ನಗುತ್ತಾರೆ. ಅದು ತಪ್ಪು. ಮೊಣಕಾಲು ಬಿಗಿದು ಬಹಳ ಹೊತ್ತು ಅಲುಗದೆ ನಿಂತರೆ ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುವುದಿಲ್ಲ, ರಕ್ತ ಕಾಲಿನಲ್ಲೇ ನಿಂತು ಮಿದುಳಿಗೆ ಕಡಿಮೆಯಾಗುತ್ತದೆ. ಖಾಲಿ ಹೊಟ್ಟೆ, ವಿಜಯಪುರದ ಬಿಸಿಲು ಸೇರಿದರೆ ಎಂಥ ಪೈಲ್ವಾನನೂ ಬೀಳುತ್ತಾನೆ. ಬರುವ ಮುಂಚೆ ಎರಡು ಬಾಳೆಹಣ್ಣಾದರೂ ತಿನ್ನಿ, ನೀರು ಕುಡಿಯಿರಿ, ಬೂಟಿನೊಳಗೆ ಬೆರಳು ಆಡಿಸುತ್ತ ಮೀನಖಂಡ ಬಿಗಿದು ಬಿಡುತ್ತಿರಿ. ಕಣ್ಣು ಕತ್ತಲೆ ಬಂತೆಂದರೆ ಮಾನ ನೋಡದೆ ಕೂತುಬಿಡಿ. ಯಾರಾದರೂ ಬಿದ್ದರೆ ಮಲಗಿಸಿ ಕಾಲು ಎತ್ತಿ ಹಿಡಿಯಬೇಕು, ಎಬ್ಬಿಸಿ ಕೂರಿಸಬಾರದು.

ವಾರ್ಷಿಕ ಕ್ಯಾಂಪ್ 10 ದಿನ. ಬೆಳಗಾವಿಯಲ್ಲಿ ಮಳೆಗಾಲದಲ್ಲಿ ಬಿದ್ದರೆ ಬಟ್ಟೆ ಒಣಗುವುದೇ ಇಲ್ಲ, ಸಾಕ್ಸ್ ಕನಿಷ್ಠ ನಾಲ್ಕು ಜೊತೆ ಬೇಕು. ತಾಟು, ಲೋಟ, ಬೀಗ, ಸೊಳ್ಳೆ ಪರದೆ, ಬಿಳಿ ಪಿಟಿ ಶೂ ಮರೆಯಬೇಡಿ. ಗುರಿ ಹೊಡೆಯುವುದನ್ನು ಪಾಯಿಂಟ್ ಟೂಟೂ ರೈಫಲ್‌ನಿಂದ ಕಲಿಸುತ್ತಾರೆ. ಉಸಿರು ಅರ್ಧ ಬಿಟ್ಟು ಹಿಡಿದು, ಟ್ರಿಗರನ್ನು ಎಳೆಯದೆ ಮೆಲ್ಲಗೆ ಒತ್ತಿದವರ ಗುಂಡುಗಳು ಒಂದೆಡೆ ಕೂಡಿ ಬೀಳುತ್ತವೆ.

ಮುಂಜಾನೆ ಐದಕ್ಕೆ ಏಳುವುದು ಒಲ್ಲದವರಿಗೆ, ಮೊದಲ ಬಸ್ ಏಳೂವರೆಗೆ ಬರುವ ಹಳ್ಳಿಯವರಿಗೆ ಎನ್‌ಎಸ್‌ಎಸ್ ಸರಿ. ಇದು ಸೋತವರ ದಾರಿ ಅಲ್ಲ, ಕೆಲಸವೇ ಬೇರೆ. 1969ರ ಸೆಪ್ಟೆಂಬರ್ 24ರಂದು, ಗಾಂಧಿ ಜನ್ಮಶತಾಬ್ದಿಯ ವರ್ಷ, ಶುರುವಾದದ್ದು. ಎದೆಯ ಮೇಲಿನ ಬ್ಯಾಜಿನಲ್ಲಿ ಕೋನಾರ್ಕದ ರಥದ ಚಕ್ರ ಇದೆ. ವರ್ಷಕ್ಕೆ 120 ತಾಸಿನಂತೆ ಎರಡು ವರ್ಷಕ್ಕೆ 240 ತಾಸು ಸೇವೆ, ಜೊತೆಗೆ ದತ್ತು ಹಳ್ಳಿಯಲ್ಲಿ 7 ದಿನದ ವಿಶೇಷ ಶಿಬಿರ. ಎರಡೂ ಆದವರಿಗೆ ಮಾತ್ರ ಪ್ರಮಾಣಪತ್ರ. 120ನ್ನು ವಾರಗಳಿಗೆ ಹಂಚಿದರೆ ವಾರಕ್ಕೆ ಮೂರು ನಾಲ್ಕು ತಾಸು ಬರುತ್ತದೆ, ಭಾರವಲ್ಲ. ಭಾರವಾಗುವುದು ಕೊನೆಯ ತಿಂಗಳಿಗೆ ಎಲ್ಲವನ್ನೂ ಇಟ್ಟುಕೊಂಡಾಗ.

ಶಿಬಿರ ಕೆಡುವುದೂ ಚಲೋ ಆಗುವುದೂ ಕೆಲಸದ ಆಯ್ಕೆಯಿಂದ. 50 ಜನರಿಗೆ ಹತ್ತು ಸಲಿಕೆ ಇದ್ದರೆ ನಲವತ್ತು ಜನ ಫೋಟೊ ತೆಗೆಯುತ್ತ ನಿಲ್ಲುತ್ತಾರೆ. ಹಿಂದಿನ ವಾರವೇ ಪಂಚಾಯತಿಗೆ ಹೋಗಿ ಗುದ್ದಲಿ, ಸಲಿಕೆ, ಬುಟ್ಟಿ, ಕುಡಗೋಲು ಎಷ್ಟು ಸಿಗುತ್ತವೆ ಎಂದು ಎಣಿಸಿ ಬನ್ನಿ. ಅಗೆಯುವವರು, ತುಂಬುವವರು, ಹೊರುವವರು, ಅಡುಗೆಯವರು, ಮನೆ ಮನೆ ಸಮೀಕ್ಷೆಯವರು ಎಂದು ಹತ್ತು ಹತ್ತರ ತಂಡ ಮಾಡಿ ದಿನಾ ತಿರುಗಿಸಿ. ಜಾಲಿಕಂಟಿ ಕಡಿಯುವ ಕೆಲಸವಾದರೆ ಚಪ್ಪಲಿ ಬೇಡ, ಬೂಟೇ ಬೇಕು, ಮುಳ್ಳು ಅಡಿ ತೂರಿ ಬರುತ್ತದೆ. ಬುಡ ಕೀಳದೆ ಮೇಲೆ ಕಡಿದರೆ ಮುಂದಿನ ಮಳೆಗೆ ಇಮ್ಮಡಿ ಚಿಗುರುತ್ತದೆ. ಸಸಿ ನೆಡುವ ಶಿಬಿರವನ್ನು ಫೆಬ್ರುವರಿಯಲ್ಲಿ ಇಡುವುದಂತೂ ಬರೀ ಫೋಟೊಕ್ಕೆ. ಬಾಗಲಕೋಟೆ, ವಿಜಯಪುರದ ಬೇಸಿಗೆಯಲ್ಲಿ ನೀರು ಹಾಕುವವರಿಲ್ಲದೆ ಅವು ಉಳಿಯುವುದಿಲ್ಲ. ಗುಂಡಿ ಬೇಸಿಗೆಯಲ್ಲಿ ತೋಡಿಟ್ಟು, ಸಸಿಯನ್ನು ಮಳೆ ಹಿಡಿದ ಮೇಲೆ ಇಡಬೇಕು.

ಊಟದ ವಿಷಯದಲ್ಲಿ ಊರವರನ್ನು ನೆಚ್ಚಬಹುದು. ಮನೆಗೆ ಐದರಂತೆ ರೊಟ್ಟಿ ಕೇಳಿದರೆ ನಮ್ಮ ಹಳ್ಳಿಗಳಲ್ಲಿ ಹತ್ತು ಬರುತ್ತವೆ, ಶೇಂಗಾ ಚಟ್ನಿ ಬೇರೆ. ಹಾಗೆ ರೊಟ್ಟಿ ಕೇಳುತ್ತ ಹೊಸ್ತಿಲ ಮುಂದೆ ನಿಂತು ಅಪರಿಚಿತರ ಜೊತೆ ಮಾತಾಡಲು ಕಲಿಯುವುದು ಯಾವ ಪರ್ಸನಾಲಿಟಿ ಕ್ಲಾಸಿನಲ್ಲೂ ಸಿಗದು. ಹುಡುಗಿಯರನ್ನು ಕಳಿಸಲು ಮನೆಯವರು ಹಿಂಜರಿದರೆ ಮೂರು ಮಾತು ಕೇಳಿ ತಿಳಿಸಿ: ಜೊತೆಗೆ ಮಹಿಳಾ ಉಪನ್ಯಾಸಕರು ಇರುತ್ತಾರೋ, ಮಲಗುವ ಕೋಣೆಗೆ ಒಳಗಿನಿಂದ ಚಿಲಕ ಇದೆಯೋ, ಶೌಚಾಲಯಕ್ಕೆ ನೀರಿದೆಯೋ. ಮೂರಕ್ಕೂ ಹೌದು ಎನ್ನದ ಶಿಬಿರಕ್ಕೆ ಹೋಗದಿದ್ದರೂ ನಡೆಯುತ್ತದೆ.

ಎರಡೂ ಘಟಕಗಳು ರಕ್ತದಾನ ಶಿಬಿರ ನಡೆಸುತ್ತವೆ, ಯೂತ್ ರೆಡ್‌ಕ್ರಾಸ್ ಕೂಡ. 18 ವರ್ಷ ತುಂಬಿರಬೇಕು, ತೂಕ 45 ಕಿಲೋ ಇರಬೇಕು, ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಇರಬಾರದು. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರ. ಹಿಮೋಗ್ಲೋಬಿನ್ ಕಡಿಮೆ ಎಂದು ವಾಪಸ್ ಕಳಿಸಿದರೆ ನಾಚುವುದು ಬೇಡ, ಅದೇ ಕಾಗದ ಹಿಡಿದು ಸರಕಾರಿ ದವಾಖಾನೆಗೆ ಹೋದರೆ ಕಬ್ಬಿಣಾಂಶದ ಗುಳಿಗೆ ಸಿಗುತ್ತವೆ.

ಗೆಳೆಯ ಸೇರಿದ ಎಂದು ಸೇರುವುದು, ಕ್ಲಾಸ್ ತಪ್ಪಿಸಲು ಸೇರುವುದು, ಇವೆರಡೂ ಮೊದಲ ಕ್ಯಾಂಪಿಗೇ ಮುಗಿಯುತ್ತವೆ. ಗೆಳೆಯ ಬಿಡುತ್ತಾನೆ, ತಪ್ಪಿದ ಕ್ಲಾಸಿನ ನೋಟ್ಸ್ ಯಾರೂ ಕೊಡುವುದಿಲ್ಲ. ಎರಡಕ್ಕೂ ಒಟ್ಟಿಗೆ ಹೆಸರು ಕೊಟ್ಟವರು ಸಾಮಾನ್ಯವಾಗಿ ಎರಡರಲ್ಲೂ ಹಾಜರಿ ಕಳೆದುಕೊಳ್ಳುತ್ತಾರೆ. ಸಹಿ ಹಾಕುವ ಮುಂಚೆ ಸೆಕೆಂಡ್ ಇಯರಿನವರನ್ನು ಹಿಡಿದು ಪೆರೇಡ್ ವಾರದ ಯಾವ ದಿನ, ಎಷ್ಟಕ್ಕೆ ಬಿಡುತ್ತಾರೆ, ಹೋದ ವರ್ಷ ಎಷ್ಟು ಜನರಿಗೆ ಹಾಜರಿ ಸಾಲದೆ ಪರೀಕ್ಷೆ ತಪ್ಪಿತು ಎಂದು ಕೇಳಿ. ಎನ್‌ಎಸ್‌ಎಸ್‌ಗಾದರೆ ಕೆಲಸದ ಡೈರಿಯಲ್ಲಿ ದಿನಾಂಕ, ತಾಸು, ಕೆಲಸ ಬರೆದು ಕಾರ್ಯಕ್ರಮಾಧಿಕಾರಿಯ ಸಹಿಯನ್ನು ಅದೇ ವಾರ ಹಾಕಿಸಿ. ಅಧಿಕಾರಿ ವರ್ಗಾವಣೆಯಾದರೆ ಹಳೆಯ ತಾಸುಗಳಿಗೆ ಹೊಸಬರು ಸಹಿ ಮಾಡುವುದಿಲ್ಲ.