ತಿರಸ್ಕಾರದ ಅಂಚಿಗೆ ಬಂದಿದ್ದ ಒಂದು ಕ್ಲೇಮು

ಬೆಂಗಳೂರಿನ ನಮ್ಮ ವಿಭಾಗದಲ್ಲಿ ಮೆಕ್ಸಿಕೊದ ವಾಹನ ಅಪಘಾತಗಳ ಕ್ಲೇಮು ಕಡತಗಳನ್ನು ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ಅನುವಾದಿಸಲಾಗುತ್ತದೆ. ಕಳೆದ ವರ್ಷದ ಒಂದು ಕಡತದಲ್ಲಿ ಲಾರಿ ಚಾಲಕನೊಬ್ಬನ ಮೇಲೆ ‘ಲೆಸಿಯೋನೆಸ್ ಕುಲ್ಪೋಸಾಸ್’ ಆರೋಪವಿತ್ತು. ಎಂದರೆ, ಉದ್ದೇಶವಿಲ್ಲದೆ, ಅಜಾಗರೂಕತೆಯಿಂದ ಉಂಟಾದ ಗಾಯ. ಆದರೆ ಅನುವಾದಕರು ಬಳಸಬೇಕಾದ ಪದಗಳ ನಮ್ಮ ಪಟ್ಟಿ, ಅಂದರೆ ಟರ್ಮ್‌ಬೇಸ್, ‘ಕುಲ್ಪೋಸೋ’ (ಅಜಾಗರೂಕತೆಯಿಂದಾದ) ಮತ್ತು ‘ಕುಲ್ಪಾಬ್ಲೆ’ (ತಪ್ಪಿತಸ್ಥ) ಎರಡನ್ನೂ ಒಂದೇ ನಮೂದಿನಡಿ ತಂದು, ಎರಡಕ್ಕೂ ‘ಗಿಲ್ಟಿ’ ಎಂದೇ ಕೊಡುತ್ತಿತ್ತು. ಅದನ್ನು ಬಿಟ್ಟು ಬೇರೆ ಪದ ಬಳಸಿದರೆ ಗುಣಮಟ್ಟ ಪರಿಶೀಲನೆಯಲ್ಲಿ (ಕ್ಯುಎ) ಅಂಕ ಕಡಿತವಾಗುತ್ತಿದ್ದುದರಿಂದ ಅನುವಾದಕಿ ಅದನ್ನೇ ಉಳಿಸಿದ್ದರು.

ಸಂಜೆಯ ಕರೆಯಲ್ಲಿ ಕ್ಲೇಮು ಪರಿಶೀಲಕರು ‘ಗಿಲ್ಟಿ’ ಎಂಬುದನ್ನು ಬೇಕೆಂದೇ ಮಾಡಿದ್ದು ಎಂದು ಓದಿಕೊಂಡು, ಉದ್ದೇಶಪೂರ್ವಕ ಕೃತ್ಯಕ್ಕೆ ವಿಮೆ ಅನ್ವಯಿಸದ ಕಾರಣ ಕಡತವನ್ನು ತಿರಸ್ಕರಿಸುತ್ತಿರುವುದಾಗಿ ಹೇಳಿದರು. ವಿಮರ್ಶಕಿಯಾಗಿ ನಾನು ಮೂಲ ಪ್ರತಿಯನ್ನು ತೆರೆದು, ಕಾನೂನಿನಲ್ಲಿ ಉದ್ದೇಶಪೂರ್ವಕ ಕೃತ್ಯಕ್ಕೆ ‘ದೋಲೋ’ ಎಂಬ ಬೇರೆಯೇ ಪದವಿದೆ, ‘ಕುಲ್ಪಾ’ ಎಂದರೆ ಅಲ್ಲಿ ನಿರ್ಲಕ್ಷ್ಯ ಎಂದು ವಿವರಿಸತೊಡಗಿದೆ. ಟಿಎಟಿ (ಕೆಲಸ ಮುಗಿಸಬೇಕಾದ ಗಡುವು) ಮೀರುತ್ತಿದೆ, ಕರೆ ಮುಗಿದ ಮೇಲೆ ತಿದ್ದುಪಡಿ ಕಳುಹಿಸೋಣ ಎಂದು ಟೀಂ ಲೀಡ್ ಚಾಟ್‌ನಲ್ಲಿ ಎರಡು ಬಾರಿ ಬರೆದರು. ತಿರಸ್ಕಾರ ಒಮ್ಮೆ ದಾಖಲಾದರೆ ಅದನ್ನು ಮತ್ತೆ ತೆರೆಸುವುದು ಎಷ್ಟು ಕಷ್ಟವೆಂದು ಬಲ್ಲ ನಾನು ಮಾತು ನಿಲ್ಲಿಸಲಿಲ್ಲ. ಆ ಕಡೆಯಿಂದ ಬಹಳ ಹೊತ್ತು ಉತ್ತರ ಬರಲಿಲ್ಲ.

ಆ ಹೊತ್ತಿನಲ್ಲೇ ಚಾಲಕನ ಹೇಳಿಕೆಯ ಇನ್ನೊಂದು ಸಾಲು ನನ್ನ ಕಣ್ಣಿಗೆ ಬಿತ್ತು: ‘ಸೆ ಮೆ ಫುಯೇರೋನ್ ಲೋಸ್ ಫ್ರೇನೋಸ್.’ ನಮ್ಮ ಲಾರಿಯವರು ‘ಬ್ರೇಕ್ ಹಿಡೀಲಿಲ್ಲ’ ಎನ್ನುವಂತೆ, ಇಲ್ಲಿ ಕೈಕೊಟ್ಟದ್ದು ಬ್ರೇಕು. ಚಾಲಕ ಅದರ ಪರಿಣಾಮವನ್ನು ಅನುಭವಿಸಿದವನು ಮಾತ್ರ. ಅನುವಾದದಲ್ಲಿ ಅದು ‘ನಾನು ಬ್ರೇಕಿನ ಮೇಲೆ ಹಿಡಿತ ಕಳೆದುಕೊಂಡೆ’ ಎಂದಾಗಿ, ಅವನು ಹೇಳದೇ ಇದ್ದ ಒಪ್ಪಿಗೆಯನ್ನು ಅವನ ಬಾಯಿಂದ ಹೇಳಿಸಿತ್ತು. ಒಬ್ಬ ಮನುಷ್ಯನ ಜೀವನೋಪಾಯಕ್ಕೆ ಸಂಬಂಧಿಸಿದ ಕಡತದಲ್ಲಿ ಇದು ಶೈಲಿಯ ಪ್ರಶ್ನೆಯಲ್ಲ.

ಪರಿಶೀಲಕರು ತಿರಸ್ಕಾರವನ್ನು ತಡೆಹಿಡಿದರು. ತಿದ್ದಿದ ಪ್ರತಿ ಅಂದು ರಾತ್ರಿಯೇ ಹೋಯಿತು. ವಿಳಂಬಕ್ಕಾಗಿ ನಮ್ಮ ತಂಡದ ಅಂಕ ಕಡಿತವಾಯಿತು, ಟರ್ಮ್‌ಬೇಸ್ ರೂಪಿಸಿದವರನ್ನು ಯಾರೂ ಕೇಳಲಿಲ್ಲ. ‘ಕುಲ್ಪೋಸೋ’ಗೆ ಈಗ ಪ್ರತ್ಯೇಕ ನಮೂದಿದೆ. ಆದರೆ ದೂಷಣೆಯ ಧ್ವನಿಯುಳ್ಳ ‘ಪೋರ್ ಕುಲ್ಪಾ ದೆ’ ಮತ್ತು ಕೇವಲ ಕಾರಣ ಹೇಳುವ ‘ದೆಬಿದೋ ಆ’ ಇನ್ನೂ ಒಂದೇ ನಮೂದಿನಲ್ಲಿವೆ. ಅವನ್ನು ಬೇರ್ಪಡಿಸಬೇಕೆಂಬ ನನ್ನ ಮನವಿಗೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ.