ಎಂಟು ಗಂಟೆ ಎಲ್ಲಿಂದ ಶುರು?

ರಾತ್ರಿ ಹತ್ತಕ್ಕೆ ಸ್ಟ್ರೆಚರ್ ಒಳಗೆ ಬಂತು. ಬೆಂಕಿ ತಗುಲಿದ ಕೇಸು. ಎದೆ, ಹೊಟ್ಟೆ, ಎರಡೂ ಕೈ ಬೆಂದಿದ್ದವು. ಮುಖ ಕೆಂಪಾಗಿತ್ತು. ದನಿ ಒಡೆದಿರಲಿಲ್ಲ, ಮೂಗಿನಲ್ಲಿ ಮಸಿಯೂ ಇರಲಿಲ್ಲ. ಸದ್ಯ, ಉಸಿರಾಟಕ್ಕೆ ತೊಂದರೆ ಕಾಣಲಿಲ್ಲ. "ನೀರು ಕೊಡಿ, ನೀರು" ಅನ್ನುತ್ತಲೇ ಇದ್ದರು.

ನಾನಾಗ ಹೊಸ ಡಾಕ್ಟರ್. ಸುಟ್ಟವರಿಗೆ ಮೊದಲ ದಿನ ಎಷ್ಟು ಡ್ರಿಪ್ ಕೊಡಬೇಕು ಅಂತ ಹೇಳುವ ಪಾರ್ಕ್‌ಲ್ಯಾಂಡ್ ಸೂತ್ರ ಬಾಯಿಪಾಠವಾಗಿತ್ತು. 4 ಎಂಎಲ್ ಅನ್ನು ತೂಕದಿಂದ ಗುಣಿಸಬೇಕು, ಅದನ್ನು ಮೈ ಎಷ್ಟು ಶೇಕಡಾ ಸುಟ್ಟಿದೆಯೋ ಅದರಿಂದ ಗುಣಿಸಬೇಕು. ಬಂದದ್ದರಲ್ಲಿ ಅರ್ಧ ಮೊದಲ 8 ಗಂಟೆಯಲ್ಲಿ, ಇನ್ನರ್ಧ ಮುಂದಿನ 16 ಗಂಟೆಯಲ್ಲಿ ಹೋಗಬೇಕು. ತೂಕ 50 ಕೆಜಿ ಅಂತ ಜೊತೆಗಿದ್ದವರು ಹೇಳಿದರು. ಎದೆ-ಹೊಟ್ಟೆಗೆ 18, ಕೈಗಳಿಗೆ 9 ಮತ್ತು 9, ಮುಖಕ್ಕೆ ಅಂದಾಜು 4. ಒಟ್ಟು 40. ಗ್ಲೌಸ್ ಕವರ್ ಮೇಲೆ ಬರೆದೆ: 8000 ಎಂಎಲ್, ಅರ್ಧ 4000, ಗಂಟೆಗೆ 500. ಲೆಕ್ಕ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಖುಷಿಯಾಯಿತು.

ಹಿರಿಯ ಸಿಸ್ಟರ್ ಕವರ್ ನೋಡಿದರು. "ಡಾಕ್ಟ್ರೇ, ಮುಖದಲ್ಲಿ ಬೊಬ್ಬೆ ಎಲ್ಲಿದೆ? ಬರೀ ಕೆಂಪು ಲೆಕ್ಕಕ್ಕೆ ಬರಲ್ಲ ಅಲ್ವಾ?" ಹೌದಲ್ಲ! "ಸುಟ್ಟಿದ್ದು ಎಷ್ಟೊತ್ತಿಗೆ ಅಂತ ಕೇಳಿದ್ರಾ?"

ಕೇಳಿರಲಿಲ್ಲ. ಕೇಳಿದರೆ, ಏಳು ಗಂಟೆಗೆ. ನನ್ನ 8 ಗಂಟೆಯಲ್ಲಿ ಮೂರು ಆಗಲೇ ಮುಗಿದಿತ್ತು. ಸುಟ್ಟ ಹೊತ್ತಿನಿಂದಲೇ ಸಣ್ಣ ರಕ್ತನಾಳಗಳು ಸೋರತೊಡಗುತ್ತವೆ. ರಕ್ತದೊಳಗಿನ ನೀರು ಮಾಂಸಕ್ಕೆ ಇಳಿದು ಮೈ ಊದುತ್ತದೆ, ನಾಳದಲ್ಲಿ ಉಳಿದ ರಕ್ತ ಮಂದವಾಗುತ್ತದೆ. ರೋಗಿ ನಮ್ಮ ಬಾಗಿಲಿಗೆ ಬರಲಿ ಅಂತ ಅದು ಕಾಯುವುದಿಲ್ಲ.

ಮತ್ತೆ ಲೆಕ್ಕ. ಶೇಕಡಾ 36, ಒಟ್ಟು 7200, ಅರ್ಧ 3600. ದಾರಿಯಲ್ಲಿ ಕೊಟ್ಟಿದ್ದ 600 ಕಳೆದರೆ 3000. ಉಳಿದದ್ದು 5 ಗಂಟೆ. ಅಂದರೆ ಗಂಟೆಗೆ 600. ನನ್ನ ಒಂದು ತಪ್ಪು ಲೆಕ್ಕವನ್ನು ಏರಿಸಿತ್ತು, ಇನ್ನೊಂದು ಇಳಿಸಿತ್ತು. ಅದಕ್ಕೇ 500 ನೋಡಿದಾಗ ಅನುಮಾನವೇ ಬಂದಿರಲಿಲ್ಲ.

ಡ್ರಿಪ್ ಹರಿಸುವ ಪಂಪ್ ಒಂದೂ ಬಿಡುವಿರಲಿಲ್ಲ. ಎಂಎಲ್‌ಗೆ 20 ಹನಿಯ ಸೆಟ್‌ನಲ್ಲಿ 600 ಅಂದರೆ ನಿಮಿಷಕ್ಕೆ 200 ಹನಿ. ಅಷ್ಟು ಎಣಿಸುವುದಾದರೂ ಹೇಗೆ? ಎರಡು ಕಡೆ ಸೂಜಿ ಹಾಕಿ, ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ ದ್ರವ) ಬಾಟಲಿ ತೂಗುಹಾಕಿ, ಒಂದೊಂದರಲ್ಲೂ ಕಾಲು ನಿಮಿಷಕ್ಕೆ 25 ಹನಿ ಬೀಳುವ ಹಾಗೆ ಗಡಿಯಾರ ಹಿಡಿದು ಚಕ್ರ ತಿರುಗಿಸಿದೆ.

ಆಮೇಲೆ ಕಣ್ಣೆಲ್ಲ ಮೂತ್ರದ ಚೀಲದ ಮೇಲೆ. ಇವರ ತೂಕಕ್ಕೆ ಗಂಟೆಗೆ 25 ಎಂಎಲ್ ಆದರೂ ಬರಬೇಕು. ಮೊದಲ ಗಂಟೆ ಬಂದದ್ದು 14, ಅದೂ ಟೀ ಬಣ್ಣ. ವೇಗ ಸ್ವಲ್ಪ ಏರಿಸಿದೆವು. ಮುಂದಿನ ಗಂಟೆ 22, ಆಮೇಲೆ 31. ಸೂತ್ರದ ಪ್ರಕಾರ, ಮೊದಲ 8 ಗಂಟೆ ಮುಗಿಯುವ ರಾತ್ರಿ ಮೂರಕ್ಕೆ, ಗಂಟೆಗೆ 225 ಎಂಎಲ್‌ಗೆ ಇಳಿಸಬೇಕು. ಒಂದೇ ಏಟಿಗೆ ಇಳಿಸಲು ಧೈರ್ಯ ಬರಲಿಲ್ಲ. ಹಾಗಂತ ಸುಮ್ನೆ ಬಿಟ್ಟರೂ ಕಷ್ಟ. ನೀರು ಜಾಸ್ತಿಯಾದರೆ ಶ್ವಾಸಕೋಶ ತುಂಬುತ್ತದೆ, ಹೊಟ್ಟೆ ಬಿಗಿಯುತ್ತದೆ. ಚೀಲ ನೋಡುತ್ತಾ ಗಂಟೆಗಿಷ್ಟು ಅಂತ ಇಳಿಸಿದೆವು.

ಬೆಳಗ್ಗೆ ಡ್ಯೂಟಿ ಒಪ್ಪಿಸುವಾಗ ಗ್ಲೌಸ್ ಕವರ್ ಬಿಸಾಕಿ, ಚಾರ್ಟಿನ ತಲೆಯಲ್ಲಿ ದಪ್ಪಗೆ ಬರೆದೆ: ಸುಟ್ಟ ಹೊತ್ತು, ಸಂಜೆ 7.