ಅಕ್ಟೋಬರ್ 3ಕ್ಕೆ ಬರ್ಲಿನ್‌ಗೆ ಹೋಗುವವರಿಗೆ

ಜರ್ಮನಿ ಒಂದಾದ ದಿನವನ್ನು ಬರ್ಲಿನ್‌ನಲ್ಲೇ ಕಳೆಯಬೇಕು ಅಂದುಕೊಂಡಿದ್ದೀರಾ? ಹಾಗಾದರೆ ಹಿಂದಿನ ದಿನವೇ ಬ್ರೆಡ್ಡು, ಹಾಲು, ಹಣ್ಣು ತಂದಿಟ್ಟುಕೊಳ್ಳಿ. ಅಕ್ಟೋಬರ್ 3 ಇಡೀ ದೇಶಕ್ಕೆ ರಜೆ. ಸೂಪರ್ ಮಾರ್ಕೆಟ್‌ಗಳು ಬಾಗಿಲು ಹಾಕಿರುತ್ತವೆ. ಏನಾದರೂ ಬೇಕೇ ಬೇಕು ಅಂದರೆ ಮುಖ್ಯ ರೈಲು ನಿಲ್ದಾಣದೊಳಗಿನ ಅಂಗಡಿಗಳೇ ಗತಿ.

ಸರ್ಕಾರದ ದೊಡ್ಡ ಸಮಾರಂಭ ಪ್ರತಿ ವರ್ಷ ಬರ್ಲಿನ್‌ನಲ್ಲಿ ನಡೆಯುವುದಿಲ್ಲ. ರಾಜ್ಯದಿಂದ ರಾಜ್ಯಕ್ಕೆ ಸರದಿಯಲ್ಲಿ ಸುತ್ತುತ್ತದೆ. 2023ರಲ್ಲಿ ಹ್ಯಾಂಬರ್ಗ್, 2024ರಲ್ಲಿ ಶ್ವೆರಿನ್. ಅದನ್ನೇ ನೋಡಬೇಕು ಅನ್ನುವವರು ಈ ಸಲ ಯಾವ ಊರು ಅಂತ ವಿಚಾರಿಸಿ ಟಿಕೆಟ್ ಮಾಡಿಸಿ. ನನ್ನನ್ನು ಕೇಳಿದರೆ ಬರ್ಲಿನ್ನೇ ಸರಿ. ಆದರೆ ಬೆಳಗ್ಗೆಯೇ ಬ್ರಾಂಡೆನ್‌ಬರ್ಗ್ ಗೇಟ್‌ಗೆ ಓಡಬೇಡಿ. ಮೊದಲು ಬೆರ್ನಾವರ್ ಬೀದಿಗೆ ಹೋಗಿ.

ಎಸ್-ಬಾನ್ (ನಗರದ ಲೋಕಲ್ ರೈಲು) ಹಿಡಿದು ನಾರ್ಡ್‌ಬಾನ್‌ಹೋಫ್‌ನಲ್ಲಿ ಇಳಿಯಿರಿ. ಬರ್ಲಿನ್ನನ್ನು ಪೂರ್ವ, ಪಶ್ಚಿಮ ಅಂತ ಇಬ್ಭಾಗ ಮಾಡಿದ್ದ ಗೋಡೆ ಇದ್ದ ಕಾಲದಲ್ಲಿ ಈ ನಿಲ್ದಾಣ ಪೂರ್ವಕ್ಕೆ ಸೇರಿತ್ತು, ಪಶ್ಚಿಮದ ರೈಲುಗಳು ಇಲ್ಲಿ ನಿಲ್ಲದೇ ಹಾದುಹೋಗುತ್ತಿದ್ದವು. ಅದರ ಪ್ರದರ್ಶನ ನಿಲ್ದಾಣದೊಳಗೇ ಇದೆ, ಸುಮ್ನೆ ದಾಟಿ ಹೋಗಬೇಡಿ.

ಹೊರಗೆ ಬಂದರೆ ಗೋಡೆಯ ಸ್ಮಾರಕ. ಸುಮಾರು 1.4 ಕಿ.ಮೀ. ಉದ್ದ, ನೋಡಲು ದುಡ್ಡು ಕೊಡಬೇಕಿಲ್ಲ. ಈ ಬೀದಿಯ ಒಂದು ಸಾಲಿನ ಮನೆಗಳು ಪೂರ್ವಕ್ಕೆ ಸೇರಿದ್ದವು, ಅವುಗಳ ಮುಂದಿನ ಕಾಲುದಾರಿ ಪಶ್ಚಿಮಕ್ಕೆ! 1961ರ ಆಗಸ್ಟ್ 13ರಂದು ಪೂರ್ವ ಜರ್ಮನಿಯವರು ಗಡಿ ಮುಚ್ಚಿದರು. ಆಮೇಲೆ ಬಾಗಿಲುಗಳನ್ನೂ ಮುಚ್ಚಿದಾಗ ಜನ ಕಿಟಕಿಯಿಂದ ಹಾರತೊಡಗಿದರು. ಇಡಾ ಸೀಕ್‌ಮನ್ ಎಂಬ ಹೆಂಗಸು ಹಾಸಿಗೆ ಹೊದಿಕೆಗಳನ್ನು ಕೆಳಕ್ಕೆ ಎಸೆದು ಹಾರಿದರು, ಬದುಕಲಿಲ್ಲ. ಅದು ಆಗಸ್ಟ್ 22. ಬರ್ಲಿನ್ ಗೋಡೆಯಿಂದಾಗಿ ಕನಿಷ್ಠ 140 ಜನ ಸತ್ತರು. ಅವರಲ್ಲಿ ಹೆಚ್ಚಿನವರ ಫೋಟೋಗಳು ಇಲ್ಲಿವೆ. ಒಂದೊಂದನ್ನೂ ನಿಂತು ನೋಡಿ, ಎಷ್ಟೊಂದು ಎಳೆಯ ಮುಖಗಳು! ಮಕ್ಕಳಿದ್ದರೆ ಮೊದಲೇ ಕಥೆ ಹೇಳಿ ಕರೆದುಕೊಂಡು ಹೋಗಿ. ರಸ್ತೆಯಾಚೆಯ ವೀಕ್ಷಣಾ ಗೋಪುರ ಹತ್ತಿದರೆ ಗಡಿ ಎಷ್ಟು ಅಗಲವಿತ್ತು ಅಂತ ಕಾಣುತ್ತದೆ. ಸೋಮವಾರ ಅದಕ್ಕೆ ರಜೆ, ನೆನಪಿರಲಿ.

ಗೋಡೆ ಬಿದ್ದದ್ದು 1989ರ ನವೆಂಬರ್ 9ಕ್ಕೆ ಅಲ್ವಾ, ಹಬ್ಬ ಮಾತ್ರ ಅಕ್ಟೋಬರ್‌ನಲ್ಲಿ ಯಾಕೆ ಅಂತ ನನ್ನ ಜೊತೆ ಬಂದವರು ಕೇಳಿದರು. ಎರಡೂ ಜರ್ಮನಿ ಕಾನೂನಿನ ಪ್ರಕಾರ ಒಂದಾದದ್ದು 1990ರ ಅಕ್ಟೋಬರ್ 3ರಂದು. ಜೊತೆಗೆ 1938ರ ನವೆಂಬರ್ 9ರ ರಾತ್ರಿ ನಾಜಿಗಳು ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳನ್ನು ಸುಟ್ಟು ಒಡೆದಿದ್ದರು. ಆ ತಾರೀಕಿಗೆ ಹಬ್ಬ ಮಾಡುವುದಾದರೂ ಹೇಗೆ?

ಮಧ್ಯಾಹ್ನ ಫ್ರೀಡ್ರಿಕ್‌ಸ್ಟ್ರಾಸೆ ನಿಲ್ದಾಣದ ಪಕ್ಕದ ಟ್ರೇನನ್‌ಪಲಾಸ್ಟ್ ನೋಡಿ. ಪೂರ್ವದವರು ಪಶ್ಚಿಮಕ್ಕೆ ಹೊರಟ ನೆಂಟರನ್ನು ಬೀಳ್ಕೊಡುತ್ತಿದ್ದ ಜಾಗ ಅದು. ಇದಕ್ಕೂ ಟಿಕೆಟ್ ಇಲ್ಲ. ಪೂರ್ವ-ಪಶ್ಚಿಮದ ನಡುವಿನ ಹಳೆಯ ಗಡಿ ಠಾಣೆ ಚೆಕ್‌ಪಾಯಿಂಟ್ ಚಾರ್ಲಿಯಲ್ಲಿ ಗದ್ದಲವೇ ಜಾಸ್ತಿ, ಸಮಯ ಕಮ್ಮಿಯಿದ್ದರೆ ಬಿಟ್ಟುಬಿಡಿ.

ಸಂಜೆಗೆ ಬ್ರಾಂಡೆನ್‌ಬರ್ಗ್ ಗೇಟ್ ಇಟ್ಟುಕೊಳ್ಳಿ. ಹತ್ತಿರದಲ್ಲೇ ಇರುವ ಸಂಸತ್ ಭವನದ ಗಾಜಿನ ಗುಮ್ಮಟ ಹತ್ತಬೇಕಿದ್ದರೆ ಆನ್‌ಲೈನ್‌ನಲ್ಲಿ ಮುಂಚಿತವಾಗಿ ಹೆಸರು ನೋಂದಾಯಿಸಿ, ಪಾಸ್‌ಪೋರ್ಟ್ ಜೊತೆಗಿರಲಿ. ಊರೊಳಗೆ ಓಡಾಡಲು ಎಬಿ ವಲಯದ ದಿನದ ಟಿಕೆಟ್ ಸಾಕು, ವಿಮಾನ ನಿಲ್ದಾಣಕ್ಕೆ ಮಾತ್ರ ಎಬಿಸಿ ಬೇಕು. ಸಂಜೆ ಚಳಿ ಚೆನ್ನಾಗಿಯೇ ಹಿಡಿಯುತ್ತದೆ. ದಪ್ಪ ಜಾಕೆಟ್, ಒಂದು ಕೊಡೆ ಬ್ಯಾಗಿನಲ್ಲಿರಲಿ.